ಹಳೆಯ ಉತಾರಗಳಲ್ಲಿ ಮನೆತನದ ಬೇರು

ನಿಮ್ಮ ಹಿರಿಯರು ಯಾರೆಂದು ಯಾರಾದರೂ ಕೇಳಿದರೆ, ನಮ್ಮಲ್ಲಿ ಬಹುಮಂದಿ ತಂದೆ, ಅಜ್ಜ, ಹೆಚ್ಚೆಂದರೆ ಮುತ್ತಜ್ಜನ ಹೆಸರು ಹೇಳಿ ಸುಮ್ಮನಾಗುತ್ತೇವೆ. ಅದರಾಚೆಗಿನದು ಕತ್ತಲೆಯೆಂದೇ ಭಾವಿಸುತ್ತೇವೆ. ಆದರೆ ಒಕ್ಕಲುತನವನ್ನು ನಂಬಿ ಬಾಳಿದ ಮನೆತನಗಳ ಕಥೆ ಅಷ್ಟು ಸುಲಭವಾಗಿ ಅಳಿದುಹೋಗುವಂಥದಲ್ಲ. ಭೂಮಿಯಿದ್ದಲ್ಲಿ ಕಂದಾಯವಿತ್ತು, ಕಂದಾಯವಿದ್ದಲ್ಲಿ ಲೆಕ್ಕವಿತ್ತು, ಆ ಲೆಕ್ಕದ ಸಾಲಿನಲ್ಲಿ ನಮ್ಮ ಹಿರಿಯರ ಹೆಸರಿತ್ತು.

ಸರಕಾರಿ ದಪ್ತರಕ್ಕಿಂತ ಮೊದಲು ನಮ್ಮ ಮನೆತನಗಳ ನೆನಪನ್ನು ಕಾದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಊರಿಗೆ ಬಂದು, ಒಕ್ಕಲಮನೆಯ ಅಂಗಳದಲ್ಲಿ ನಿಂತು, ಆ ಮನೆಯ ಮೂಲಪುರುಷನಿಂದ ಈಗಿನ ಕೂಸಿನವರೆಗೆ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವುದು ಅವರ ಕಾಯಕವಾಗಿತ್ತು. ಮನೆತನ ಯಾವ ಊರಿನಿಂದ ವಲಸೆ ಬಂದಿತು, ಯಾವ ಅಣ್ಣತಮ್ಮಂದಿರು ಎಲ್ಲಿ ಒಡೆದು ಹೋದರು ಎಂಬುದನ್ನು ಅವರು ಬಲ್ಲರು. ಹೆಳವರು ಹೇಳುವ ವಂಶಾವಳಿಯನ್ನೂ ಸರಕಾರದ ಕಾಗದವನ್ನೂ ಎದುರುಬದುರಿಟ್ಟು ನೋಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದರಲ್ಲಿ ಸಂಬಂಧವಿದೆ, ಇನ್ನೊಂದರಲ್ಲಿ ಇಸವಿಯಿದೆ.

ದಾಖಲೆಗಳ ಮೂರು ಪದರ

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಯನ್ನೇ ಇಲ್ಲಿ ಮುಖ್ಯವಾಗಿ ತೆಗೆದುಕೊಳ್ಳೋಣ. 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದು ಈ ನಾಡು ಕಂಪನಿಯ ಕೈಸೇರಿತು. ಅದಕ್ಕೂ ಹಿಂದಿನ ಲೆಕ್ಕಗಳು ಬಹುಮಟ್ಟಿಗೆ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿವೆ. ಪೇಶ್ವೆ ದಪ್ತರದ ರುಮಾಲುಗಳನ್ನು ಇಂದಿಗೂ ಪುಣೆಯ ಪತ್ರಾಗಾರದಲ್ಲಿ ಕಾದಿಡಲಾಗಿದೆ. ಕೆಲವು ಹಳೆಯ ಮನೆಗಳ ಅಟ್ಟದ ಮೇಲೆ ಕಡತಗಳೂ ಸಿಕ್ಕಾವು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಕಪ್ಪು ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆದ ಪುಸ್ತಕಗಳಿವು. ಕಪ್ಪು ಬಟ್ಟೆಯೆಂದು ಒಲೆಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡುವುದು ಒಳಿತು.

ಎರಡನೆಯ ಪದರ ಸರ್ವೆಯದು. ಗೋಲ್ಡ್‌ಸ್ಮಿಡ್, ವಿಂಗೇಟ್ ಮೊದಲಾದ ಅಧಿಕಾರಿಗಳು ರೂಪಿಸಿದ ಪದ್ಧತಿ 1847ರ ಜಂಟಿ ವರದಿಯಲ್ಲಿ ನೆಲೆಗೊಂಡಿತು. ಹೊಲಗಳನ್ನು ಅಳೆದು, ನಂಬರು ಕೊಟ್ಟು, ಮಣ್ಣಿನ ಗುಣವನ್ನು ಆಣೆಯ ಲೆಕ್ಕದಲ್ಲಿ ನಿಗದಿ ಮಾಡಿ, 30 ವರ್ಷಗಳ ಮಟ್ಟಿಗೆ ಆಕಾರವನ್ನು ಗೊತ್ತುಪಡಿಸಿದರು. ಅದುವರೆಗೆ ಕೂರಿಗೆಯಿಂದ ಅಳೆಯುತ್ತಿದ್ದ ಭೂಮಿ ಎಕರೆ-ಗುಂಟೆಗೆ ಬಂದಿತು. ಮೈಸೂರು ಸೀಮೆಯಲ್ಲಿ ಇಂಥ ಸರ್ವೆ 1863ರಲ್ಲಿ ಮೊದಲಾಯಿತು.

ಮೂರನೆಯ ಪದರ ನಮಗೆ ಅತ್ಯಂತ ಉಪಯುಕ್ತವಾದುದು. 1903ರ ಮುಂಬಯಿ ಶಾಸನವು ಹಕ್ಕುಗಳ ದಾಖಲೆಯನ್ನು ಜಾರಿಗೆ ತಂದಿತು. ಅದುವರೆಗೆ ಸರಕಾರಕ್ಕೆ ಬೇಕಾಗಿದ್ದುದು ಕಂದಾಯ ಕೊಡುವ ಖಾತೆದಾರನ ಹೆಸರು ಮಾತ್ರ. ಈಗ ಪಾಲುದಾರರು, ಒತ್ತೆ ಹಿಡಿದವರು, ವಾರಸದಾರರು ಎಲ್ಲರ ಹಕ್ಕೂ ಪುಸ್ತಕ ಸೇರತೊಡಗಿತು. ಖಾತೆದಾರ ತೀರಿಕೊಂಡರೆ ವಾರಸರು ವರದಿ ಕೊಡಬೇಕು, ಕುಲಕರ್ಣಿ ಅದನ್ನು ಬದಲಾವಣೆಯ ಪುಸ್ತಕದಲ್ಲಿ ಬರೆದು ಸಂಬಂಧಪಟ್ಟವರಿಗೆ ತಿಳಿಸಬೇಕು, ತಕರಾರಿದ್ದರೆ ವಿಚಾರಣೆಯಾಗಬೇಕು, ಆಮೇಲೆ ಮೇಲಧಿಕಾರಿ ಮಂಜೂರು ಮಾಡಬೇಕು. ಹೀಗಾಗಿ ಒಂದೊಂದು ವಾರಸಾ ನೋಂದೂ ಒಂದೊಂದು ಮನೆಯ ಸಾವಿನ ಸುದ್ದಿ, ಉಳಿದವರ ಪಟ್ಟಿ.

ಇನಾಮು, ವತನ, ದತ್ತಕ

ಗೌಡಕಿ, ದೇಸಗತಿ, ಮಠದ ಇನಾಮುಗಳಿದ್ದ ಮನೆತನಗಳಿಗೆ ಇನ್ನೊಂದು ದಾರಿಯುಂಟು. 1852ರ ಶಾಸನದಂತೆ ಇನಾಮ್ ಕಮಿಷನ್ ಪ್ರತಿಯೊಬ್ಬ ಇನಾಮದಾರನನ್ನೂ ಸನದು ತೋರಿಸೆಂದು ಕೇಳಿತು. ತಲೆತಲಾಂತರದಿಂದ ಉಂಡ ಭೂಮಿಗೆ ಕಾಗದವಿಲ್ಲದೆ ಹಕ್ಕು ಕಳೆದುಕೊಂಡವರು ಅನೇಕರು. 1863ರ ಶಾಸನಗಳು ಈ ಗೊಂದಲಕ್ಕೆ ಒಂದು ಕೊನೆಯನ್ನು ಕಾಣಿಸಿದವು. ಈ ವಿಚಾರಣೆಗಾಗಿ ಜನರು ಒಪ್ಪಿಸಿದ ಕೈಫಿಯತ್ತುಗಳಲ್ಲಿ ಹಿಂದಿನ ತಲೆಮಾರುಗಳ ವಿವರ ದೊರೆಯುವ ಸಂಭವವಿದೆ. 1874ರ ವತನ ಶಾಸನದ ಮೇರೆಗೆ ಸಿದ್ಧವಾದ ವತನದಾರರ ದಾಖಲೆಗಳೂ ಹೀಗೆಯೇ ಬೆಲೆಯುಳ್ಳವು.

ವಾರಸಿಕೆಯ ಪ್ರಶ್ನೆ ಎಷ್ಟು ಗಂಭೀರವಾಗಿತ್ತೆಂಬುದಕ್ಕೆ ಕಿತ್ತೂರೇ ಸಾಕ್ಷಿ. 1824ರಲ್ಲಿ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅದೇ ವರ್ಷದ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆಯೊಡನೆ ನಡೆದ ಕಾಳಗದಲ್ಲಿ ಆತ ಮಡಿದನು. ಸಂಸ್ಥಾನಕ್ಕೆ ಬಂದ ಈ ಪ್ರಶ್ನೆಯೇ ಸಣ್ಣ ಹಿಡುವಳಿಯ ಮನೆಗಳಿಗೂ ಬರುತ್ತಿತ್ತು. ಮನೆತನ ಹುಡುಕುವವರು ಇದನ್ನು ನೆನಪಿಡಬೇಕು. ದತ್ತಕ ಹೋದವನು ಒಂದು ಕಾಗದದಲ್ಲಿ ಹೆತ್ತ ತಂದೆಯ ಹೆಸರಿನಿಂದಲೂ ಇನ್ನೊಂದರಲ್ಲಿ ದತ್ತಕ ತಂದೆಯ ಹೆಸರಿನಿಂದಲೂ ಕಾಣಿಸಿಕೊಂಡಾನು. ಇಬ್ಬರೆಂದು ತಿಳಿದವರು ಒಬ್ಬನೇ ಆಗಿರಬಹುದು.

ಓದುವ ಬಗೆ

ಹಳೆಯ ಉತಾರ ಕೈಗೆ ಬಂದಾಗ ಮೊದಲು ಎದುರಾಗುವುದು ಸಂಕ್ಷಿಪ್ತ ಅಕ್ಷರಗಳ ತೊಡಕು. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ, ‘ಮಯತ’ ಎಂದರೆ ತೀರಿಕೊಂಡವರು. ‘ಅ.ಪಾ.ಕ.’ ಎಂದಿದ್ದರೆ ಅಜ್ಞಾನ ಪಾಲನಕರ್ತ. ಅಂದರೆ ವಾರಸನು ಇನ್ನೂ ಚಿಕ್ಕವನು, ಅವನ ಪರವಾಗಿ ಹಿರಿಯರೊಬ್ಬರು ನಿಂತಿದ್ದಾರೆ. ಅಲ್ಲಿ ತಾಯಿಯ ಹೆಸರಿದ್ದರೆ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊಲಮನೆ ಉಳಿಸಿದ ಒಬ್ಬ ವಿಧವೆಯ ಬಾಳು ಆ ಮೂರಕ್ಷರದಲ್ಲಿ ಅಡಗಿದೆಯೆಂದೇ ತಿಳಿಯಬೇಕು.

ಪಾಲನ್ನು ಆಣೆ-ಪೈಗಳಲ್ಲಿ ಬರೆಯುತ್ತಿದ್ದರು. ಇಡೀ ಹೊಲ 16 ಆಣೆ. ಒಂದು ಆಣೆಗೆ 12 ಪೈ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬನ ಹೆಸರಿನ ಮುಂದೆ 1 ಆಣೆ 4 ಪೈ ಎಂದಿದೆ. ಅದು 16 ಪೈ; 4 ಆಣೆಯ, ಅಂದರೆ 48 ಪೈಗಳ, ಮೂರನೆಯ ಒಂದು ಪಾಲು. ಆದ್ದರಿಂದ ಹಿಂದಿನ ತಲೆಮಾರಿನಲ್ಲಿ ಬಹುಶಃ ನಾಲ್ವರು ಅಣ್ಣತಮ್ಮಂದಿರಿದ್ದರು, ಅವರಲ್ಲೊಬ್ಬನಿಗೆ ಮೂವರು ಮಕ್ಕಳಿದ್ದರು ಎಂದು ಊಹಿಸಬಹುದು. ಹೆಸರಿಲ್ಲದ ಅಣ್ಣತಮ್ಮಂದಿರನ್ನು ಲೆಕ್ಕವೇ ತೋರಿಸಿಕೊಡುತ್ತದೆ. ಆದರೂ ಬೇರೊಂದು ಕಾಗದದಿಂದ ಅದನ್ನು ತಾಳೆ ನೋಡದೆ ನಂಬಲಾಗದು.

ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ರೂಢಿಯಿಂದಾಗಿ ಒಂದೇ ಹೊಲದಲ್ಲಿ ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ ಎಂದು ನೂರು ವರ್ಷ ಸಾಗುತ್ತದೆ. ಇಸವಿ ನೋಡದೆ ಹೋದರೆ ಅಜ್ಜ-ಮೊಮ್ಮಗ ಒಂದಾಗಿಬಿಡುತ್ತಾರೆ. ಇಸವಿಯೂ ಒಂದೇ ಬಗೆಯದಲ್ಲ. ಶಕವರ್ಷಕ್ಕೆ 78 ಕೂಡಿಸಬೇಕು. ನಿಜಾಮರ ಸೀಮೆಯ ಫಸಲಿಗೆ ಸುಮಾರು 590. ಅಲ್ಲಿನ ಕಾಗದಗಳು ಉರ್ದುವಿನಲ್ಲಿರುವುದರಿಂದ ಬಲ್ಲವರ ನೆರವೂ ಬೇಕಾದೀತು. ಜಿಲ್ಲೆಯ ಹೆಸರೂ ಬದಲಾಗಿದೆ. ವಿಜಾಪುರ ಜಿಲ್ಲೆಯ ಕಚೇರಿ 1885ರವರೆಗೆ ಕಲಾದಗಿಯಲ್ಲಿತ್ತು. ಗದಗ, ಹಾವೇರಿ, ಬಾಗಲಕೋಟೆ ಜಿಲ್ಲೆಗಳಾದುದು 1997ರಲ್ಲಿ.

ಕಾಣದ ಹೆಸರುಗಳು

ಈ ಪುಸ್ತಕಗಳಲ್ಲಿ ನಮಗೆ ಹೆಚ್ಚು ವ್ಯಥೆ ತರುವುದು ಹೆಣ್ಣುಮಕ್ಕಳ ಗೈರುಹಾಜರಿ. ಗಂಡುಮಕ್ಕಳಿದ್ದ ಮನೆಯಲ್ಲಿ ಮಗಳ ಹೆಸರು ಬಹುಮಟ್ಟಿಗೆ ಬರುವುದೇ ಇಲ್ಲ. ಅರಿಶಿನ-ಕುಂಕುಮಕ್ಕೆಂದು ಕೊಟ್ಟ ತುಂಡುಹೊಲದಲ್ಲಿಯೋ, ಗಂಡುಸಂತಾನವಿಲ್ಲದ ಮನೆಯ ವಾರಸಾ ನೋಂದಿನಲ್ಲಿಯೋ ಒಮ್ಮೊಮ್ಮೆ ಆಕೆ ಕಾಣಿಸುತ್ತಾಳೆ. 1937ರ ಶಾಸನ ವಿಧವೆಗೆ ಮಗನ ಸಮಾನ ಪಾಲು ಕೊಟ್ಟಿತಾದರೂ ಅದು ಸೀಮಿತ ಹಕ್ಕು. ಸಾಗುವಳಿಯ ಭೂಮಿಗೆ ಅದು ಅನ್ವಯಿಸುವ ವಿಷಯದಲ್ಲಿಯೂ ತೊಡಕುಗಳಿದ್ದವು. 1956ರ ಉತ್ತರಾಧಿಕಾರ ಶಾಸನ ಹೆಣ್ಣಿಗೆ ಪೂರ್ಣ ಒಡೆತನವನ್ನು ತಂದಿತು. ಕರ್ನಾಟಕವು 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳನ್ನು ಅವಿಭಕ್ತ ಕುಟುಂಬದ ಹಕ್ಕುದಾರರೆಂದು ಒಪ್ಪಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಒಳಗೊಂಡಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು.

ಆದುದರಿಂದ ವಂಶಾವಳಿ ಬರೆಯುವಾಗ ಗಂಡುಗೆರೆಯನ್ನಷ್ಟೇ ಎಳೆದು ಕೈತೊಳೆದುಕೊಳ್ಳುವುದು ಸರಿಯಲ್ಲ. ವಾರಸಾ ಅರ್ಜಿಗೆ ಲಗತ್ತಿಸುವ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರನ್ನು ಬಿಟ್ಟರೆ ಅದು ಇತಿಹಾಸಕ್ಕೂ ಸುಳ್ಳು, ಕಾಯಿದೆಗೂ ಸುಳ್ಳು. ಎಷ್ಟೋ ಮನೆಗಳಲ್ಲಿ ತವರಿನ ಬಾಗಿಲು ಮುಚ್ಚಿದ್ದು ಹೊಲದ ಆಸೆಗಿಂತ ಹೆಚ್ಚಾಗಿ, ತನ್ನ ಹೆಸರನ್ನೇ ಮರೆಮಾಚಿದರಲ್ಲ ಎಂಬ ನೋವಿನಿಂದ.

ತೊಡಗುವುದು ಹೇಗೆ

ಮೊದಲು ಮನೆಯ ಹಿರಿಯರನ್ನು, ಅದರಲ್ಲಿಯೂ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿರಿ. ಹೊಲದ ಸರ್ವೆ ನಂಬರು ಹಿಡಿದು ಈಗಿನ ಪಹಣಿಯಿಂದ ಹಿಂದಕ್ಕೆ ಸಾಗಿರಿ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರಕ್ಕೆ ಏರಿದುದು 2000ದ ಸುಮಾರಿಗೆ. ಅದಕ್ಕೆ ಮುಂಚಿನದಕ್ಕೆ ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಕೈಬರಹದ ಪಹಣಿ ಮತ್ತು ಬದಲಾವಣೆ ಪುಸ್ತಕಗಳ ನಕಲು ಕೇಳಬೇಕು. ಟಿಪ್ಪಣಿ, ಆಕಾರಬಂದುಗಳಿಗೆ ಭೂಮಾಪನ ಕಚೇರಿ. ಖರೀದಿ, ಒತ್ತೆ, ವಾಟ್ನಿ ಪತ್ರಗಳಿಗೆ ಉಪನೋಂದಣಿ ಕಚೇರಿ. ಖರೀದಿ ಪತ್ರದ ಚಕ್ಕುಬಂದಿಯನ್ನು ಮರೆಯದೆ ಓದಿರಿ. ಪಕ್ಕದ ಹೊಲದವನು ನಿಮ್ಮ ದಾಯಾದಿಯೇ ಆಗಿದ್ದಾನು. ಬೆಂಗಳೂರಿನ ರಾಜ್ಯ ಪತ್ರಾಗಾರ, ಮುಂಬಯಿ ಮತ್ತು ಪುಣೆಯ ಪತ್ರಾಗಾರಗಳು ಕೊನೆಯ ಮೆಟ್ಟಿಲು.

ಒಂದು ಮಾತು ಸ್ಪಷ್ಟವಿರಲಿ. ಕಂದಾಯದ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲ, ಇಲ್ಲದ ಮಾತ್ರಕ್ಕೆ ಹೋಗುವುದೂ ಇಲ್ಲ. ಒಂದು ಕಾಲಕ್ಕೆ ಅಣ್ಣತಮ್ಮಂದಿರೆಲ್ಲರ ಪರವಾಗಿ ಹಿರಿಯನೊಬ್ಬನ ಹೆಸರನ್ನಷ್ಟೇ ಬರೆಸುವುದು ವಾಡಿಕೆಯಾಗಿತ್ತು. ನೂರು ವರ್ಷದ ಹಿಂದಿನ ಉತಾರ ಹಿಡಿದು ದಾಯಾದಿಗಳ ಮೇಲೆ ಕೋರ್ಟಿಗೆ ಹೋಗಲು ಈ ಹುಡುಕಾಟವಲ್ಲ. ನಮ್ಮ ಹಿರಿಯರು ಬರಗಾಲದಲ್ಲಿ ಒತ್ತೆಯಿಟ್ಟು, ಒಳ್ಳೆಯ ಬೆಳೆ ಬಂದಾಗ ಬಿಡಿಸಿಕೊಂಡು, ಹಂಚಿಕೊಂಡು ಉಂಡು ನಮ್ಮವರೆಗೆ ಈ ಬಾಳನ್ನು ದಾಟಿಸಿದರೆಂಬುದನ್ನು ಮಕ್ಕಳಿಗೆ ತಿಳಿಸುವುದಕ್ಕಾಗಿ ಅದು ಬೇಕು. ಈ ಸಲ ಮನೆಮಂದಿಯೆಲ್ಲ ಕೂಡುವ ಹಬ್ಬದಲ್ಲಿ ಒಂದು ವಹಿಯನ್ನು ತೆರೆಯಿರಿ. ಗಂಡುಮಕ್ಕಳು, ಹೆಣ್ಣುಮಕ್ಕಳು, ಬಂದ ಸೊಸೆಯರು, ಅವರ ತವರೂರು, ಎಲ್ಲವನ್ನೂ ಬರೆಯಿಸಿರಿ. ಕುಲಕರ್ಣಿಯ ಪುಸ್ತಕ ಬರೆಯದೆ ಬಿಟ್ಟುದನ್ನು ಬರೆಯುವ ಹೊಣೆ ಇನ್ನು ನಮ್ಮದು.