ಹೊಕ್ಕುಳಬಳ್ಳಿಯ ನೆತ್ತರು ಯಾರ ಪಾಲು?

ಮುಂಬಯಿ ಮಹಾನಗರಕ್ಕೆ ಕುಡಿಯುವ ನೀರನ್ನು ಶೋಧಿಸಿ ಕಳುಹಿಸುವ ಭಾಂಡುಪಿನಲ್ಲಿ, ನಿಲ್ದಾಣದ ಪಶ್ಚಿಮಕ್ಕೆ ಒಂದು ಚಿಕ್ಕ ಹೆರಿಗೆ ಆಸ್ಪತ್ರೆಯನ್ನು ನಡೆಸುವ ಕನ್ನಡಿಗ ವೈದ್ಯೆಯೊಬ್ಬರು, ಬಾಣಂತಿಯ ಸಮ್ಮತಿಯನ್ನು ಪಡೆದು, ಆಗತಾನೆ ಹೊರಬಂದ ಮಾಸನ್ನೂ ಅದಕ್ಕಂಟಿದ ಹೊಕ್ಕುಳಬಳ್ಳಿಯನ್ನೂ ಉಕ್ಕಿನ ಬೋಗುಣಿಯಲ್ಲಿಟ್ಟು ನನಗೆ ತೋರಿಸಿದರು. ಚಿತ್ರಗಳಲ್ಲಿ ಕಂಡು ಕಲ್ಪಿಸಿಕೊಂಡಿದ್ದುದಕ್ಕಿಂತ ಅದು ಎಷ್ಟೋ ಸುಂದರವಾಗಿತ್ತು: ಮೊಳಕ್ಕಿಂತ ತುಸು ಉದ್ದ, ಬೆರಳಿನ ದಪ್ಪ, ಮುತ್ತಿನ ಬಿಳುಪು, ಕತ್ತರಿಸಿದ ತುದಿಯಲ್ಲಿ ಲೋಳೆಯಂಥ ದ್ರವ್ಯದ ನಡುವೆ ಮೂರು ರಂಧ್ರಗಳು. ಅವುಗಳಲ್ಲಿ ಎರಡು ಕಿರಿದಾದ ಅಪಧಮನಿಗಳು, ಒಂದು ಅಗಲವಾದ ಅಭಿಧಮನಿ. ಮಗುವಿಗೆ ಶುದ್ಧರಕ್ತವನ್ನು ಒಯ್ಯುವುದು ಇಲ್ಲಿ ಅಭಿಧಮನಿ, ಮಲಿನರಕ್ತವನ್ನು ಹಿಂದಕ್ಕೆ ತರುವುದು ಅಪಧಮನಿಗಳು. ನಮ್ಮ ಮೈಯ ಸಾಮಾನ್ಯ ಕ್ರಮಕ್ಕೆ ಇದು ತೀರ ವಿಪರೀತ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಆಕೆ ಹೇಳಿದ ಇನ್ನೊಂದು ಸಂಗತಿ. ಮಗು ಹುಟ್ಟಿ ಅತ್ತಮೇಲೂ ಬಳ್ಳಿ ಕೆಲವು ನಿಮಿಷಗಳವರೆಗೆ ಮಿಡಿಯುತ್ತಲೇ ಇರುತ್ತದೆ. ಎರಡು ಬೆರಳಿನ ನಡುವೆ ಹಿಡಿದರೆ ಶಿಶುವಿನ ನಾಡಿ ಅಲ್ಲಿಯೇ ತಿಳಿಯುತ್ತದೆ. ಆ ಮಿಡಿತ ನಿಲ್ಲುವವರೆಗೆ ಆಕೆ ಚಿಮಟ ಹಾಕುವುದಿಲ್ಲ. ಮೊದಲ ನಿಮಿಷದಲ್ಲಿ ಸುಮಾರು 80 ಮಿಲಿಲೀಟರ್, ಮೂರು ನಿಮಿಷಗಳಲ್ಲಿ ಸುಮಾರು 100 ಮಿಲಿಲೀಟರ್ ರಕ್ತ ಮಾಸಿನಿಂದ ಶಿಶುವಿಗೆ ಸೇರುತ್ತದೆ. ಮೂರು ಕಿಲೋ ತೂಗುವ ಕೂಸಿನ ಮೈಯ ರಕ್ತವೆಲ್ಲ ಸೇರಿ ಕಾಲು ಲೀಟರಿನ ಆಸುಪಾಸು ಎಂಬುದನ್ನು ನೆನೆದರೆ, ಈ ಪಾಲು ಎಷ್ಟು ದೊಡ್ಡದೆಂಬುದು ವಿಶದವಾದೀತು. ಮುಂದಿನ ಹಲವು ತಿಂಗಳುಗಳ ಕಬ್ಬಿಣಾಂಶ ಅದರಲ್ಲಿದೆ. ರಕ್ತಹೀನತೆ ಮನೆಮನೆಯ ಪಿಡುಗಾಗಿರುವ ನಮ್ಮ ದೇಶದಲ್ಲಿ ಅದನ್ನು ಅಲ್ಪವೆಂದು ಬಗೆಯಲಾಗದು. ಒಂದು ನಿಮಿಷಕ್ಕೆ ಮೊದಲು ಬಳ್ಳಿಯನ್ನು ಕಟ್ಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿದೆ. ಹೀಗೆ ಕಾದರೆ, ಬಳ್ಳಿಯ ರಕ್ತವನ್ನು ಸಂಗ್ರಹಿಸಿಡುವ ರಕ್ತನಿಧಿಯ ಚೀಲಕ್ಕೆ ಸಿಗುವ ಪ್ರಮಾಣ ಕುಗ್ಗುತ್ತದೆ. ತೊಡಕಿನ ಮೂಲ ಇಲ್ಲಿಯೇ ಇದೆ.

ಅದೇ ಬಾಣಂತಿಯ ಮನೆಗೆ ಐದನೆಯ ತಿಂಗಳಿನಿಂದಲೇ ಒಂದು ಖಾಸಗಿ ಸಂಸ್ಥೆಯ ಪ್ರತಿನಿಧಿ ಎಡತಾಕುತ್ತಿದ್ದನಂತೆ. ಬಳ್ಳಿಯ ರಕ್ತವನ್ನು ದ್ರವಸಾರಜನಕದಲ್ಲಿ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾದಿರಿಸಿದರೆ ಮಗುವಿಗೆ ಆಜೀವ ರಕ್ಷೆ ದೊರೆಯುವುದೆಂದು ಅವನು ತಂದ ಹೊಳಪುಕಾಗದ ಸಾರುತ್ತಿತ್ತು. ಚೊಚ್ಚಲ ಬಸುರಿಯ ಭಯವನ್ನು ಬಂಡವಾಳವಾಗಿಸಿಕೊಳ್ಳುವ ಈ ವ್ಯಾಪಾರ ನನಗೆ ಸರ್ವಥಾ ಒಪ್ಪಿಗೆಯಿಲ್ಲ.

ರಕ್ತದ ಮಹಿಮೆ ಮಾತ್ರ ಸುಳ್ಳಲ್ಲ. 1988ರಲ್ಲಿ ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ವೈದ್ಯೆ ಎಲಿಯಾನ್ ಗ್ಲುಕ್‌ಮನ್, ಫ್ಯಾಂಕೋನಿ ರಕ್ತಹೀನತೆಯಿಂದ ನರಳುತ್ತಿದ್ದ ಅಮೆರಿಕದ ಐದು ವರ್ಷದ ಬಾಲಕನಿಗೆ ಅವನ ತಂಗಿಯ ಹೊಕ್ಕುಳರಕ್ತವನ್ನು ಏರಿಸಿ ಗುಣಪಡಿಸಿದರು. ಅದನ್ನು ಘನೀಕರಿಸಿ ಕಾಪಾಡಿದವರು ಇಂಡಿಯಾನಾದ ವಿಜ್ಞಾನಿ ಹ್ಯಾಲ್ ಬ್ರಾಕ್ಸ್‌ಮೈಯರ್. ಹೊಕ್ಕುಳರಕ್ತದ ಆಕರಕೋಶಗಳು (ಸ್ಟೆಮ್ ಸೆಲ್) ಇನ್ನೂ ಎಳೆಯವಾದುದರಿಂದ, ಅಸ್ಥಿಮಜ್ಜೆಯ ಕಸಿಗೆ ಬೇಕಾಗುವಷ್ಟು ನಿಷ್ಕೃಷ್ಟವಾದ ಅಂಗಾಂಶಸಾಮ್ಯ ಇವಕ್ಕೆ ಬೇಡ. ಒಂದು ಬಳ್ಳಿಯಲ್ಲಿ ಸಿಗುವ ಕೋಶಗಳು ವಯಸ್ಕರ ಮೈಗೆ ಸಾಲವೆಂಬ ಕೊರತೆಯನ್ನು ನೀಗಲು, ಪ್ರಯೋಗಾಲಯದಲ್ಲಿ ಅವನ್ನು ವೃದ್ಧಿಪಡಿಸಿ ಕೊಡುವ ಒಮಿಸರ್ಜ್ ಎಂಬ ಚಿಕಿತ್ಸೆಗೆ ಅಮೆರಿಕ 2023ರಲ್ಲಿ ಅನುಮತಿಯಿತ್ತಿತು. ಬಳ್ಳಿಯ ರಕ್ತದಿಂದ ಕ್ಯಾನ್ಸರ್‌ಹಂತಕ ಕೋಶಗಳನ್ನು ಸಿದ್ಧಗೊಳಿಸುವ ಹ್ಯೂಸ್ಟನ್ನಿನ ಪ್ರಯೋಗಗಳೂ ಆಶಾದಾಯಕವಾಗಿವೆ. ಆಟಿಸಮ್ ವಿಷಯದಲ್ಲಾದರೋ ಡ್ಯೂಕ್ ವಿಶ್ವವಿದ್ಯಾಲಯ ಹೊಕ್ಕುಳರಕ್ತದಿಂದ ನಡೆಸಿದ ಪರೀಕ್ಷೆ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು. ಹೊಳಪುಕಾಗದ ಅದನ್ನು ಹೇಳುವುದಿಲ್ಲ.

ಹೊಳಪುಕಾಗದ ಹೇಳದ ಇನ್ನೊಂದು ಮಾತು ಇದಕ್ಕಿಂತ ಗುರುತರವಾದುದು. ಥಲಸ್ಸೀಮಿಯಾದಂಥ ಆನುವಂಶಿಕ ವ್ಯಾಧಿಯೊಡನೆ ಹುಟ್ಟಿದ ಮಗುವಿನ ಹೊಕ್ಕುಳರಕ್ತದಲ್ಲಿಯೂ ಅದೇ ದೋಷವಿರುವುದರಿಂದ, ಆ ಮಗುವಿಗೆ ಅದು ನಿಷ್ಪ್ರಯೋಜಕ. ಅದಕ್ಕೆ ಬೇಕಾದುದು ಸ್ವಸ್ಥರಾದ ಒಡಹುಟ್ಟಿದವರ ಅಥವಾ ಪರರ ರಕ್ತ. ಆದುದರಿಂದಲೇ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ, ಜೈವಿಕ ವಿಮೆಯೆಂಬ ಹೆಸರಿನ ಖಾಸಗಿ ಸಂಗ್ರಹವನ್ನು ಅನುಮೋದಿಸಲಾಗದೆಂದು ಸ್ಪಷ್ಟವಾಗಿ ನುಡಿಯಿತು. ಮುಂಬಯಿಯಲ್ಲೇ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ ಭಾರತದ ಮೊದಲ ಅಸ್ಥಿಮಜ್ಜೆಯ ಕಸಿ ನಡೆಯಿತು; ಬೋರಿವಲಿಯಲ್ಲಿ ಥಲಸ್ಸೀಮಿಯಾ ಮಕ್ಕಳಿಗೆಂದೇ ಮಹಾನಗರಪಾಲಿಕೆಯ ಕೇಂದ್ರವಿದೆ. ಇಂಥ ಕಡೆಗಳಲ್ಲಿ ದಾನಿಯ ಹಾದಿ ಕಾಯುವ ತಾಯಂದಿರಿಗೆ ಇನ್ನೊಬ್ಬರ ಮಗುವಿನ ಹೆಸರಿನಲ್ಲಿ ಬೀಗ ಹಾಕಿಟ್ಟ ಚೀಲದಿಂದ ಆಗುವ ಉಪಕಾರ ಅತ್ಯಲ್ಪ.

ಭಾಂಡುಪಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹೆರಿಗೆಯನ್ನು ಎದುರುನೋಡುತ್ತಿರುವವರಲ್ಲಿ ನನ್ನ ಬಿನ್ನಹ ಇಷ್ಟು: ಬಳ್ಳಿಯನ್ನು ಅವಸರದಿಂದ ಕಟ್ಟದಿರುವಂತೆ ನಿಮ್ಮ ವೈದ್ಯರನ್ನು ಮುಂಚಿತವಾಗಿಯೇ ಕೇಳಿಕೊಳ್ಳಿರಿ. ಹಿರಿಯ ಮಗುವಿಗೆ ಥಲಸ್ಸೀಮಿಯಾದಂಥ ರೋಗವಿದ್ದರೆ, ಹೆರಿಗೆಗೆ ಬಹಳ ಮೊದಲೇ ರಕ್ತರೋಗತಜ್ಞರನ್ನು ಕಾಣಿರಿ. ಬಳ್ಳಿಯ ರಕ್ತವನ್ನು ಕಾದಿಡುವುದಕ್ಕೆ ಅದು ಸಕಾರಣವಾದ ಸಂದರ್ಭ. ಉಳಿದವರು ಖಾಸಗಿ ಸಂಗ್ರಹಕ್ಕೆ ತೆರಬೇಕಾದ ಹಣವನ್ನು ಮಗುವಿನ ಆಹಾರಕ್ಕೂ ಲಸಿಕೆಗೂ ಮೀಸಲಿಟ್ಟು, ವಯಸ್ಸು 18ರಿಂದ 50ರೊಳಗಿದ್ದರೆ, ಚೆನ್ನೈಯ ದಾತ್ರಿಯಂಥ ನೋಂದಣಿಸಂಸ್ಥೆಯಲ್ಲಿ ಆಕರಕೋಶದಾನಿಗಳಾಗಿ ಹೆಸರು ಬರೆಸಿರಿ. ಅದಕ್ಕೆ ಕೆನ್ನೆಯ ಒಳಬದಿಯನ್ನು ಹತ್ತಿಯಿಂದ ಒಮ್ಮೆ ಸವರಿ ಕೊಟ್ಟರೆ ಸಾಕು.