ಮನೆಯಲ್ಲಿ ಕಟ್ಟುವ ಪ್ರವಾಸದ ಟ್ರೈಲರಿಗೆ ಅಲ್ಪವೆಚ್ಚದ ತಿರುಳು

ರಜೆಯ ದಿನಗಳಲ್ಲಿ ಮಕ್ಕಳುಮರಿಗಳೊಡನೆ ಊರ ಹೊರಗೆ ಹೋಗಿ, ಕೆರೆಯ ದಂಡೆಯಲ್ಲಿಯೋ ಬೆಟ್ಟದ ತಪ್ಪಲಿನಲ್ಲಿಯೋ ಒಂದೆರಡು ರಾತ್ರಿ ತಂಗಿ ಬರಬೇಕೆಂಬ ಅಪೇಕ್ಷೆ ಯಾವ ಗೃಹಸ್ಥನಿಗೆ ತಾನೇ ಇಲ್ಲ? ಕಾರಿನ ಹಿಂದೆ ಎಳೆದೊಯ್ಯುವ, ಒಳಗೆ ಮಲಗಲು ಅನುಕೂಲವುಳ್ಳ ಟ್ರೈಲರನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ವಾಸಿಸುವ ವಾಚಕರು ಅದನ್ನು ಫೈಬರ್ ಗ್ಲಾಸಿನಿಂದ ತಾವೇ ಕಟ್ಟಬಯಸಿದರೆ, ಖರ್ಚನ್ನೂ ಬಾಳಿಕೆಯನ್ನೂ ನಿರ್ಣಯಿಸುವ ಮುಖ್ಯ ವಸ್ತು ಒಂದಿದೆ. ಅದೇ ಗೋಡೆಯ ನಡುವಣ ತಿರುಳು.

ಗಾಜಿನ ನಾರಿನ ಬಟ್ಟೆಯನ್ನು ರೆಸಿನ್ನಿನಲ್ಲಿ ನೆನೆಸಿದ ತೆಳುವಾದ ಪದರವು ಎಳೆತಕ್ಕೆ ಬಲವುಳ್ಳದ್ದಾದರೂ ಸುಲಭವಾಗಿ ಬಾಗುವುದು. ಅಂತಹ ಎರಡು ಪದರಗಳ ಮಧ್ಯೆ ಹಗುರವಾದ ತಿರುಳನ್ನಿಟ್ಟು ಅಂಟಿಸಿದರೆ, ಹೊರಪದರಗಳು ಎಳೆತವನ್ನೂ ಒತ್ತಡವನ್ನೂ ಹೊರುವುವು. ತಿರುಳು ಅವೆರಡನ್ನೂ ದೂರದಲ್ಲಿ ಹಿಡಿದಿಟ್ಟು, ಒಂದರ ಮೇಲೊಂದು ಜಾರದಂತೆ ತಡೆಯುವುದು. ತಿರುಳಿನ ದಪ್ಪವನ್ನು ಇಮ್ಮಡಿಸಿದರೆ ಗೋಡೆಯ ಬಿಗಿ ಸುಮಾರು ನಾಲ್ಮಡಿಯಾಗುವುದು. ತೂಕವಾದರೋ ಸ್ವಲ್ಪವೇ ಹೆಚ್ಚುವುದು.

ಎಂಟು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಎತ್ತರದ ಟ್ರೈಲರಿಗೆ ಸುಮಾರು 200 ಚದರಡಿ ಮೈ ಇರುವುದು. ಇಡೀ ಮೈಗೆ ಒಂದು ಅಂಗುಲದ ತಿರುಳು ಹಾಕಿದರೆ, ಘನಮೀಟರಿಗೆ 20 ಕಿಲೋ ತೂಗುವ ಥರ್ಮೋಕೋಲು ಸುಮಾರು 9 ಕಿಲೋ ಆಗುವುದು. ಘನಮೀಟರಿಗೆ 40 ಕಿಲೋ ತೂಗುವ ಗಟ್ಟಿ ಪಾಲಿಯುರೆಥೇನ್ ಫೋಮು 19 ಕಿಲೋ, 150 ಕಿಲೋ ತೂಗುವ ಬಾಲ್ಸಾ ಮರ 71 ಕಿಲೋ ಆಗುವುವು. ಕೇವಲ 6 ಮಿಲಿಮೀಟರ್ ದಪ್ಪದ ಪ್ಲೈವುಡ್ಡೇ 67 ಕಿಲೋ ಮೀರಬಹುದು. ಅಡಿಗೆಮನೆಯ ಕಪಾಟುಗಳಿಗೆ ಬಳಸುವ ಪಿ.ವಿ.ಸಿ. ಫೋಮ್ ಹಲಗೆಯನ್ನು ಹೆಸರಿನ ಹೋಲಿಕೆಯಿಂದ ಒಂದಂಗುಲ ಹಾಕಿದರೆ 250 ಕಿಲೋ ಆದೀತು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಇಲ್ಲಿ ದಿಟವಾಗುವುದು.

ಹಾಗಾದರೆ ಎಲ್ಲಕ್ಕಿಂತ ಅಗ್ಗವೂ ಹಗುರವೂ ಆದ ಥರ್ಮೋಕೋಲನ್ನೇ ಆರಿಸಬಹುದಲ್ಲವೇ ಎಂದು ವಾಚಕರು ಕೇಳಬಹುದು. ಇಲ್ಲಿಯೇ ಎಚ್ಚರ ಬೇಕು. ಕಡಿಮೆ ಬೆಲೆಗೆ ದೊರೆಯುವ ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ದ್ರವವಿರುವುದು. ಅದು ತಗಲಿದೊಡನೆ ಥರ್ಮೋಕೋಲು ಕರಗಿಹೋಗುವುದು. ಅದಕ್ಕೆ ಎಪಾಕ್ಸಿಯೇ ಬೇಕು, ಎಪಾಕ್ಸಿಗೆ ಬೆಲೆ ಹೆಚ್ಚು. ಪಾಲಿಯುರೆಥೇನ್ ಫೋಮಿಗೆ ಪಾಲಿಯೆಸ್ಟರ್ ಹಾನಿ ಮಾಡದು. ಆದ್ದರಿಂದ ತಿರುಳಿನ ಬೆಲೆಯೊಂದನ್ನೇ ನೋಡದೆ, ತಿರುಳು ಮತ್ತು ರೆಸಿನ್ ಎರಡರ ಮೊತ್ತವನ್ನು ಕೂಡಿಸಿ ತೂಗಿ ನೋಡತಕ್ಕದ್ದು.

ಫೋಮು ಮತ್ತು ಎಪಾಕ್ಸಿಯ ಜೋಡಣೆ ಆಟದ ವಸ್ತುವೆಂದು ಯಾರೂ ತಿಳಿಯಬಾರದು. ಅಮೆರಿಕದ ಬರ್ಟ್ ರುಟಾನ್ ಎಂಬ ವಿನ್ಯಾಸಕಾರರು ಇದೇ ಕ್ರಮದಲ್ಲಿ, ಅಚ್ಚಿನ ನೆರವಿಲ್ಲದೆ, ಮನೆಯ ಷೆಡ್ಡುಗಳಲ್ಲಿ ಕಟ್ಟಬಹುದಾದ ವಿಮಾನಗಳನ್ನು ರೂಪಿಸಿದರು. ಅವರ ಲಾಂಗ್-ಈಜಿ ವಿಮಾನವನ್ನು ಅನುಸರಿಸಿ ನಮ್ಮ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯು ಕಟ್ಟಿದ ಸಣ್ಣ ವಿಮಾನವು 1987ರಲ್ಲಿ ಹಾರಾಡಿತು. ಅಂತಹ ವಿಮಾನಗಳಿಗೆ ಬಿಳಿಯ ಬಣ್ಣವನ್ನೇ ಬಳಿಯುವುದಕ್ಕೆ ಕಾರಣವುಂಟು: ಬಿಸಿಲಿನಲ್ಲಿ ಕಾದ ಕಪ್ಪು ಮೈಯ ಕೆಳಗೆ ಫೋಮೂ ಎಪಾಕ್ಸಿಯೂ ಮೆತ್ತಗಾಗುವುವು. ನಮ್ಮ ಟ್ರೈಲರಿಗೂ ಬಿಳಿಯೇ ಲೇಸು.

ಪಾಲಿಯುರೆಥೇನಿನ ದೋಷವೇನೆಂದರೆ ಅದರ ಮೈ ಪುಡಿಯಾಗುವುದು. ಹಾದಿಯ ಕುಲುಕಾಟಕ್ಕೆ ಪದರವು ತಿರುಳಿನಿಂದ ಬಿಟ್ಟುಕೊಳ್ಳಬಹುದು. ಅಡಿಗೊಂದರಂತೆ ಫೋಮನ್ನು ಸೀಳಿ, ಸೀಳಿನಲ್ಲಿ ಗಾಜಿನ ಬಟ್ಟೆಯ ಪಟ್ಟಿಯನ್ನಿಳಿಸಿ ಎರಡು ಪದರಗಳನ್ನೂ ಕಟ್ಟಿದರೆ ಈ ಭಯ ಬಹುಮಟ್ಟಿಗೆ ನೀಗುವುದು. ಕಾಲಿಟ್ಟು ತುಳಿಯುವ ನೆಲಕ್ಕೆ ಮಾತ್ರ ಫೋಮು ಸಾಲದು, ಐ.ಎಸ್. 710 ಗುರುತಿನ ಮೆರೀನ್ ಪ್ಲೈವುಡ್ ಹಾಕುವುದುತ್ತಮ. ಕೀಲು, ಬೋಲ್ಟುಗಳು ಬರುವ ಎಡೆಗಳಲ್ಲಿ ತಿರುಳನ್ನು ಕೆತ್ತಿ ತೆಗೆದು, ಗಟ್ಟಿಮಾಡಿದ ರೆಸಿನ್ ತುಂಬಿ, ಅದು ಒಣಗಿದ ತರುವಾಯ ತೂತು ಕೊರೆಯಬೇಕು. ಇಲ್ಲವಾದರೆ ಮಳೆಗಾಲದ ನೀರು ಒಳಸೇರಿ ಮರವನ್ನು ಕೊಳೆಯಿಸುವುದು.

ಹಣಕ್ಕಿಂತ ಮಿಗಿಲಾದುದು ಪ್ರಾಣ. ಈ ಫೋಮುಗಳು ಹೊತ್ತಿದರೆ ವಿಷದ ಹೊಗೆ ಏಳುವುದು. ಆದಕಾರಣ ಮಕ್ಕಳು ಮಲಗುವ ಪೆಟ್ಟಿಗೆಯೊಳಗೆ ಒಲೆ ಹೊತ್ತಿಸಲೇ ಕೂಡದು. ಗಾಳಿಯ ಕಿಂಡಿಗಳೂ, ಒಳಗಿನಿಂದ ತೆರೆಯುವ ಎರಡನೆಯ ದಾರಿಯೂ ಇರಲೇಬೇಕು. ಪಾಲಿಯೆಸ್ಟರಿಗೆ ಬೆರೆಸುವ ಕೋಬಾಲ್ಟ್ ದ್ರಾವಣವನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸಿಡಿಯುವುದು. ಒಂದನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕತಕ್ಕದ್ದು. ಕಣ್ಣಿಗೆ ಕನ್ನಡಕ, ಕೈಗೆ ಗವಸು ತಪ್ಪಬಾರದು.

1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಟ್ರೈಲರೂ ಮೋಟಾರು ವಾಹನವೇ. ನೋಂದಣಿಯಿಲ್ಲದೆ ರಸ್ತೆಗೆ ತರುವಂತಿಲ್ಲ. ಸಾಮಾನು ಕೊಳ್ಳುವ ಮೊದಲೇ ತಮ್ಮ ಪ್ರದೇಶದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿದರೆ ಶ್ರಮವೂ ಹಣವೂ ವ್ಯರ್ಥವಾಗುವುದಿಲ್ಲ.

ಕೊನೆಯದಾಗಿ, ಆರಿಸಿದ ತಿರುಳಿನಿಂದ ಮೂರು ಅಡಿ ಉದ್ದ, ಒಂದು ಅಡಿ ಅಗಲದ ಮಾದರಿಯೊಂದನ್ನು ಮೊದಲು ಮಾಡಿರಿ. ಎರಡು ಇಟ್ಟಿಗೆಗಳ ಮೇಲಿಟ್ಟು ಭಾರ ಹೇರಿರಿ. ಒಂದು ವಾರ ನೀರಿನಲ್ಲಿ ಮುಳುಗಿಸಿ, ಮೊದಲೂ ಕೊನೆಯಲ್ಲೂ ತೂಗಿರಿ. ಅಂಚಿನಲ್ಲಿ ಉಳಿಯಿಟ್ಟು ಪದರವನ್ನು ಎಬ್ಬಿಸಿ ನೋಡಿರಿ. ಪದರವು ತಿರುಳಿನ ಚೂರನ್ನು ಹಿಡಿದುಕೊಂಡೇ ಬಂದರೆ ಅಂಟು ಸರಿಯಾಗಿದೆಯೆಂದು ತಿಳಿಯಬೇಕು. ನುಣ್ಣಗೆ ಕಳಚಿ ಬಂದರೆ ಆ ಕ್ರಮವನ್ನು ಅಲ್ಲಿಗೇ ಬಿಟ್ಟು ಬೇರೊಂದನ್ನು ಪರೀಕ್ಷಿಸತಕ್ಕದ್ದು.