ನೆಲದೊಡಲಿನ ಲೆಕ್ಕಪತ್ರ

ಕೊಳವೆಬಾವಿಗೆ ಹಣ ಸುರಿಯುವ ಮೊದಲು, ನೆಲದ ಒಡಲಲ್ಲಿ ಏನಿದೆಯೆಂದು ತಿಳಿಯಬಾರದೆ? ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳಲ್ಲಿ ಎರೆಮಣ್ಣಿನ ಕೆಳಗೆ ಇರುವುದು ಬಹುಮಟ್ಟಿಗೆ ಲಾವಾರಸ ಆರಿ ಉಂಟಾದ ಬಸಾಲ್ಟ್ ಕಲ್ಲು. ಮುದ್ದೇಬಿಹಾಳದ ಕಡೆ ಗ್ರಾನೈಟೂ ಉಂಟು. ಇಂಥ ಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ, ಶಿಥಿಲವಾದ ಪದರಗಳಲ್ಲಿ.

ಅಗೆಯದೆಯೇ ಇದನ್ನು ಅರಿಯುವ ಉಪಾಯವುಂಟು. ಎರಡು ಸರಳುಗಳನ್ನು ನೆಟ್ಟು ನೆಲದೊಳಗೆ ವಿದ್ಯುತ್ತನ್ನು ಹರಿಸಿ, ಬೇರೆ ಎರಡು ಸರಳುಗಳಿಂದ ವೋಲ್ಟೇಜನ್ನು ಅಳೆಯುತ್ತಾರೆ. ಬಿರುಕಿಲ್ಲದ ಕಲ್ಲು ವಿದ್ಯುತ್ತನ್ನು ತಡೆಯುತ್ತದೆ. ನೀರು ತುಂಬಿದ ಪದರ ಹಾದುಹೋಗಲು ಬಿಡುತ್ತದೆ. ಆದರೆ ಜೇಡಿಮಣ್ಣೂ ಉಪ್ಪುನೀರೂ ಹಾಗೆಯೇ ಬಿಡುತ್ತವೆ! ಆದ್ದರಿಂದ ಒಂಟಿ ಅಂಕಿಯನ್ನು ನಂಬುವಂತಿಲ್ಲ. ನೆರೆಯ ಅಳತೆಗಳೊಡನೆ, ಕೊರೆದಲ್ಲಿ ಕಂಡ ಕಲ್ಲಿನೊಡನೆ ಅದನ್ನು ಹೋಲಿಸಬೇಕು.

ಅಳತೆಗಳು ಕಪಾಟಿನಲ್ಲೇ ಉಳಿದರೆ ಹೋಲಿಕೆ ಎಲ್ಲಿಯದು? ಇದಕ್ಕಾಗಿಯೇ ಕೇಂದ್ರದ ಗಣಿ ಸಚಿವಾಲಯವು 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರವನ್ನು ಅಂತರಜಾಲದಲ್ಲಿ ತೆರೆಯಿತು. 1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ನಕ್ಷೆಗಳು, ಗುರುತ್ವ ಹಾಗೂ ಕಾಂತತ್ವದ ಅಳತೆಗಳು ಅಲ್ಲಿ ದೊರೆಯುತ್ತವೆ. ಅದರ ಮುಖ್ಯ ಗುರಿ ಖನಿಜಶೋಧನೆ. ಅಂತರ್ಜಲಕ್ಕೆ 'ಇಂಡಿಯಾ-ವ್ರಿಸ್' ಎಂಬ ಬೇರೆ ಭಂಡಾರವಿದೆ. ಕೇಂದ್ರ ಅಂತರ್ಜಲ ಮಂಡಲಿ ಬಾವಿಗಳಲ್ಲಿ ಅಳೆದ ನೀರಿನ ಮಟ್ಟ ಅಲ್ಲಿ ಸಿಗುತ್ತದೆ.

ಈ ಭಂಡಾರಗಳು ನಿಮ್ಮ ಹೊಲದ ಯಾವ ಮೂಲೆಯಲ್ಲಿ ಕೊರೆಯಬೇಕೆಂದು ಬೆರಳಿಟ್ಟು ತೋರಿಸಲಾರವು. ಆ ಸೀಮೆಯ ನೆಲದ ಗುಣವನ್ನು ಮಾತ್ರ ಹೇಳುತ್ತವೆ. ಉಳಿದ ಕೆಲಸ ನಮ್ಮದು. ಬಾವಿ ಕೊರೆಸಿದಾಗ ಎಷ್ಟು ಅಡಿಗೆ ಯಾವ ಕಲ್ಲು, ಎಲ್ಲಿ ನೀರು ಎಂಬುದನ್ನು ತಾರೀಖಿನೊಡನೆ ಬರೆದಿಡಿ. ನೀರು ಬಾರದ ಬಾವಿಯ ಲೆಕ್ಕವೂ ನೆರೆಯವರ ಹಣವನ್ನು ಉಳಿಸೀತು.